ಅಂಗಡಿ ಎಣಿಸಿದ ಹುಡುಗರು, ಬದಲಾದ ಊರು

ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ ಮಳೆ, ಬೆಳೆ, ಬೀಗರ ಮನೆಯ ಸಮಾಚಾರಗಳೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಅಲ್ಲಿ ಮಕ್ಕಳು ಬಹಳ ಬೇಗ ಚಟಕ್ಕೆ ಬೀಳುತ್ತಾರಂತೆ, ಹೌದೆ?’ ಹೀಗೆ ಕೇಳುವವರಲ್ಲಿ ಮಗನನ್ನು ಎಂ.ಎಸ್. ಓದಲು ಕಳುಹಿಸುವುದಕ್ಕಾಗಿ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿ ಕುಳಿತ ತಂದೆಯಿರುತ್ತಾರೆ. ಮೊಮ್ಮಗಳನ್ನು ವಿಡಿಯೊ ಕರೆಯಲ್ಲಷ್ಟೇ ಕಂಡ ಅಜ್ಜಿಯಿರುತ್ತಾರೆ. ವೈದ್ಯನೆಂಬ ಕಾರಣಕ್ಕೆ ನನ್ನಿಂದ ಖಚಿತವಾದ ಉತ್ತರವನ್ನು ನಿರೀಕ್ಷಿಸುತ್ತಾರೆ. ಹೌದೆಂದರೂ ಅರ್ಧಸತ್ಯ, ಇಲ್ಲವೆಂದರೂ ಅರ್ಧಸತ್ಯ. ಪೂರ್ಣ ಉತ್ತರಕ್ಕೆ ಸ್ವಲ್ಪ ದೀರ್ಘವಾಗಿಯೇ ಮಾತನಾಡಬೇಕಾಗುತ್ತದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವಾಸವಾಗಿರುವ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ ಈ ವಿಷಯದಲ್ಲಿ ವಿಚಿತ್ರವಾದ ನೆಲ. ಹದಿಹರೆಯದವರ ಕೈಗೆ ನಿಕೋಟಿನ್‌ನ ಹೊಸ ಯಂತ್ರವನ್ನಿತ್ತ ಕಂಪನಿ ಬೆಳೆದದ್ದು ಇಲ್ಲಿ. ಅಮೆರಿಕದ ದೊಡ್ಡ ನಗರಗಳ ಪೈಕಿ ಅಂಥ ಯಂತ್ರಗಳ ಮಾರಾಟವನ್ನು ಮೊದಲು ನಿಲ್ಲಿಸಿದ್ದೂ ಇಲ್ಲಿಯೇ. ಈ ಎರಡು ಘಟನೆಗಳಿಗೂ ಮುಂಚೆ ಇಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಅದನ್ನು ಮಾಡಿದವರು ಶಾಲಾ ಕಾಲೇಜುಗಳ ವಯಸ್ಸಿನ ಹುಡುಗ ಹುಡುಗಿಯರು. ಆ ಕೆಲಸದ ಕಥೆಯಿಂದಲೇ ಆರಂಭಿಸುವುದು ಸೂಕ್ತ.

ನಕ್ಷೆಯ ಮೇಲಿನ ಚುಕ್ಕೆಗಳು

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ತಂಬಾಕು ಮಾರುವ ಅಂಗಡಿಗೆ ನಗರಾಡಳಿತದ ಪರವಾನಗಿ ಬೇಕು. ನಗರವನ್ನು 11 ವಿಭಾಗಗಳಾಗಿ ವಿಂಗಡಿಸಲಾಗಿದ್ದು, ಪ್ರತಿ ವಿಭಾಗದಿಂದ ಒಬ್ಬ ಸದಸ್ಯರು ‘ಬೋರ್ಡ್ ಆಫ್ ಸೂಪರ್‌ವೈಸರ್ಸ್’ ಎಂಬ ಆಡಳಿತ ಮಂಡಳಿಗೆ ಆರಿಸಿ ಬರುತ್ತಾರೆ. ನಮ್ಮ ಮಹಾನಗರ ಪಾಲಿಕೆಯಂಥ ವ್ಯವಸ್ಥೆ ಎಂದುಕೊಳ್ಳಬಹುದು. ಇಲ್ಲಿನ ಯೂತ್ ಲೀಡರ್‌ಶಿಪ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಆಶ್ರಯದಲ್ಲಿ ‘ಟರ್ಫ್’ ಎಂಬ ತರುಣರ ತಂಡವಿತ್ತು. ತಂಬಾಕಿನ ಬಳಕೆಯನ್ನು ತಗ್ಗಿಸುವ ಪಡೆ ಎಂಬುದು ಆ ಹೆಸರಿನ ಹಿಂದಿನ ಅರ್ಥ. ಈ ತಂಡದವರು ಪರವಾನಗಿ ಪಡೆದ ಅಂಗಡಿಗಳನ್ನು ವಿಭಾಗವಾರು ಎಣಿಸಿ ನಕ್ಷೆಯ ಮೇಲೆ ಗುರುತಿಸಿದರು. ಬಡವರೂ ವಲಸಿಗರೂ ಹೆಚ್ಚಾಗಿರುವ ಟೆಂಡರ್‌ಲಾಯ್ನ್ ಇರುವ ವಿಭಾಗದಲ್ಲಿ ಚುಕ್ಕೆಗಳು ಒಂದರ ಮೇಲೊಂದು ಕಿಕ್ಕಿರಿದಿದ್ದವು; ಶ್ರೀಮಂತರ ಬಡಾವಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದವು. ಬಡಾವಣೆಯ ಮಕ್ಕಳು ಶಾಲೆಗೆ ನಡೆದುಹೋಗುವಾಗ ಎಷ್ಟು ಸಿಗರೇಟ್ ಜಾಹೀರಾತುಗಳನ್ನು ದಾಟಬೇಕು ಎಂಬುದು ಅವರ ಮನೆಯ ಬಾಡಿಗೆಯಿಂದ ನಿರ್ಧಾರವಾಗುತ್ತಿತ್ತು.

ಅನಂತರ ಆ ತರುಣರು ನಿವಾಸಿಗಳ ಅಭಿಪ್ರಾಯ ಕೇಳಿದರು, ಮಂಡಳಿಯ ಸದಸ್ಯರನ್ನು ಕಂಡರು, ಸಭೆಗಳಲ್ಲಿ ನಿಂತು ಮಾತನಾಡಿದರು. ಎರಿಕ್ ಮಾರ್ ಎಂಬ ಸದಸ್ಯರು ಅವರ ಬೇಡಿಕೆಯನ್ನು ಮಸೂದೆಯ ರೂಪಕ್ಕೆ ತಂದರು. ಇದು ಸುಲಭದ ವಿಷಯವಾಗಿರಲಿಲ್ಲ. ಬೀದಿ ಮೂಲೆಯ ಕಿರಾಣಿ ಅಂಗಡಿಗಳನ್ನು ನಡೆಸುವವರಲ್ಲಿ ಬಹಳಷ್ಟು ಜನ ಅರಬ್ ದೇಶಗಳಿಂದ ವಲಸೆ ಬಂದವರು; ಹೊಟ್ಟೆಪಾಡಿನ ಪ್ರಶ್ನೆ ಅವರದು. ಅವರ ಸಂಘದೊಂದಿಗೂ ಮಾತುಕತೆ ನಡೆಯಿತು. ಕೊನೆಗೆ 2014ರ ಡಿಸೆಂಬರ್‌ನಲ್ಲಿ ಮಸೂದೆ ಅಂಗೀಕಾರವಾಯಿತು. ಅದರ ಪ್ರಕಾರ ಪ್ರತಿ ವಿಭಾಗಕ್ಕೆ ಗರಿಷ್ಠ 45 ಪರವಾನಗಿಗಳು. ಶಾಲೆಯಿಂದಾಗಲಿ, ಇನ್ನೊಂದು ತಂಬಾಕು ಅಂಗಡಿಯಿಂದಾಗಲಿ 500 ಅಡಿಗಳೊಳಗೆ ಹೊಸ ಪರವಾನಗಿ ಇಲ್ಲ. ಇರುವ ಅಂಗಡಿಯನ್ನು ಯಾರೂ ಬಲವಂತದಿಂದ ಮುಚ್ಚಿಸಲಿಲ್ಲ. ಪರವಾನಗಿಗಳ ಸಂಖ್ಯೆ 45ಕ್ಕಿಂತ ಕೆಳಗಿಳಿಯುವವರೆಗೆ ಆ ವಿಭಾಗದಲ್ಲಿ ಹೊಸದನ್ನು ಕೊಡುವಂತಿಲ್ಲ ಎಂಬುದಷ್ಟೇ ನಿಯಮ. ನಿಧಾನದ ಮದ್ದು, ಆದರೆ ದೇಹಕ್ಕೆ ಒಗ್ಗುವ ಮದ್ದು.

ಈ ಪ್ರಸಂಗದಲ್ಲಿ ನನಗೆ ಮುಖ್ಯವೆನಿಸುವುದು ಅಂಗಡಿಗಳ ಸಂಖ್ಯೆಯಷ್ಟೇ ಅಲ್ಲ. ‘ಸಿಗರೇಟ್ ಸೇದಬೇಡ’ ಎಂದು ಯಾರೂ ಆ ಮಕ್ಕಳಿಗೆ ಉಪದೇಶಿಸಲಿಲ್ಲ. ಅವರ ಕೈಗೆ ನಿಜವಾದ ಒಂದು ಕೆಲಸವನ್ನು ಕೊಟ್ಟರು. ತನ್ನ ಬೀದಿಯ ತಂಬಾಕು ಅಂಗಡಿಗಳನ್ನು ಎಣಿಸಿದ ಹುಡುಗಿಗೆ ಆ ಅಂಗಡಿ ತನ್ನನ್ನು ಏಕೆ ಕರೆಯುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮಕ್ಕಳೇ ಏಕೆ ಬೇಕು?

ತಂಬಾಕಿನ ಉದ್ಯಮಕ್ಕೆ ಎಳೆಯರು ಏಕೆ ಅನಿವಾರ್ಯ ಎಂಬ ಪ್ರಶ್ನೆಗೆ ಉತ್ತರವೂ ಇದೇ ನಗರದಲ್ಲಿದೆ. 1994ರಲ್ಲಿ ಬ್ರೌನ್ ಆ್ಯಂಡ್ ವಿಲಿಯಮ್‌ಸನ್ ಎಂಬ ಸಿಗರೇಟ್ ಕಂಪನಿಯ ಒಳಗಿನ ಸಾವಿರಾರು ಪುಟಗಳ ಕಾಗದಪತ್ರಗಳು, ಕಳುಹಿಸಿದವರ ನಿಜನಾಮವಿಲ್ಲದೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ವೈದ್ಯಕೀಯ ಕೇಂದ್ರದ ಪ್ರಾಧ್ಯಾಪಕ ಸ್ಟ್ಯಾಂಟನ್ ಗ್ಲಾಂಟ್ಜ್ ಅವರಿಗೆ ತಲುಪಿದವು. ಅವನ್ನು ಹಿಂಪಡೆಯಲು ಕಂಪನಿ ನ್ಯಾಯಾಲಯದ ಮೆಟ್ಟಿಲೇರಿ ಸೋತಿತು. ಅನಂತರದ ಮೊಕದ್ದಮೆಗಳಿಂದ ಹೊರಬಂದ ಲಕ್ಷಾಂತರ ದಾಖಲೆಗಳೂ ಸೇರಿ ಇಂದು ಅಲ್ಲಿನ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಓದಬಹುದಾದ ಭಂಡಾರವಾಗಿದೆ. ಅಂಥ ದಾಖಲೆಗಳಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿಯ 1984ರ ಒಂದು ವರದಿ ಪ್ರಸಿದ್ಧ. ಸಾಯುವ ಮತ್ತು ಬಿಡುವ ಗ್ರಾಹಕರ ಜಾಗಕ್ಕೆ ‘ಬದಲಿ ಧೂಮಪಾನಿಗಳು’ ಬೇಕು, ಅವರು ಸಿಗುವುದು ಎಳೆಯ ವಯಸ್ಕರಲ್ಲಿ ಮಾತ್ರ ಎಂಬುದು ಅದರ ಸಾರ. ವೈದ್ಯಶಾಸ್ತ್ರದ ಲೆಕ್ಕವೂ ಅದನ್ನೇ ಹೇಳುತ್ತದೆ. ಅಮೆರಿಕದಲ್ಲಿ ದಿನವೂ ಸೇದುವ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಜನ ಮೊದಲ ಸಿಗರೇಟನ್ನು 18ರೊಳಗೇ ಮುಟ್ಟಿದವರು. ಮಿದುಳು ಸುಮಾರು 25ರವರೆಗೂ ಬಲಿಯುತ್ತಿರುತ್ತದೆ. ಆ ಮೊದಲು ನಿಕೋಟಿನ್ ಒಳಹೊಕ್ಕರೆ ಗಮನ, ಕಲಿಕೆ ಮತ್ತು ಮನಸ್ಸಿನ ಹತೋಟಿಯ ಎಳೆಗಳೇ ಬೇರೆ ರೀತಿಯಲ್ಲಿ ಹೆಣೆದುಕೊಳ್ಳುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಉದ್ಯಮವೂ ಬಲ್ಲದು.

ಪೆನ್‌ಡ್ರೈವ್‌ನಂಥದೊಂದು ವಸ್ತು

ಸ್ಟ್ಯಾನ್‌ಫರ್ಡ್‌ನಲ್ಲಿ ಉತ್ಪನ್ನ ವಿನ್ಯಾಸ ಓದಿದ ಇಬ್ಬರು ವಿದ್ಯಾರ್ಥಿಗಳು, ಜೇಮ್ಸ್ ಮಾನ್ಸೀಸ್ ಮತ್ತು ಆಡಮ್ ಬೋವೆನ್, ಸಿಗರೇಟಿಗೆ ಪರ್ಯಾಯವೊಂದನ್ನು ರೂಪಿಸುವ ಉದ್ದೇಶದಿಂದ ಕಂಪನಿ ಕಟ್ಟಿದರು. 2015ರಲ್ಲಿ ಅವರ ‘ಜೂಲ್’ ಮಾರುಕಟ್ಟೆಗೆ ಬಂತು. ನೋಡಲು ಪೆನ್‌ಡ್ರೈವ್, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಚಾರ್ಜ್ ಮಾಡಬಹುದು, ಹೊಗೆಯ ವಾಸನೆಯಿಲ್ಲ, ಮಾವು, ಪುದೀನ ಮುಂತಾದ ಸ್ವಾದಗಳು. ಅದರೊಳಗಿನ ರಸಾಯನದ ಜಾಣ್ಮೆಯನ್ನು ಪೋಷಕರು ತಿಳಿದಿರಬೇಕು. ಸಾಮಾನ್ಯ ನಿಕೋಟಿನ್ ಆವಿ ಗಂಟಲನ್ನು ಕೆರೆಯುತ್ತದೆ. ಎಳೆಯರು ಮೊದಲ ದಮ್ಮಿಗೇ ಕೆಮ್ಮಿ ಬಿಟ್ಟುಬಿಡುವುದಕ್ಕೆ ಅದೂ ಒಂದು ಕಾರಣ. ನಿಕೋಟಿನ್ ಜೊತೆ ಬೆಂಜೋಯಿಕ್ ಆಮ್ಲವನ್ನು ಬೆರೆಸಿ ಲವಣವಾಗಿಸಿದರೆ ಆ ಕೆರೆತ ಕಡಿಮೆಯಾಗುತ್ತದೆ, ಹೆಚ್ಚು ಪ್ರಮಾಣವನ್ನು ಸಲೀಸಾಗಿ ಒಳಗೆಳೆದುಕೊಳ್ಳಬಹುದು. ಒಂದು ಪುಟ್ಟ ಪಾಡ್‌ನಲ್ಲಿ ಸುಮಾರು ಒಂದು ಪ್ಯಾಕ್ ಸಿಗರೇಟಿನಷ್ಟು ನಿಕೋಟಿನ್ ಇರುತ್ತದೆಂದು ಕಂಪನಿಯೇ ಹೇಳಿತ್ತು.

ಇ-ಸಿಗರೇಟಿನ ಕುರಿತು ಅಮೆರಿಕದ ಸರ್ಜನ್ ಜನರಲ್ ಅವರ ಮೊದಲ ವರದಿ 2016ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅದನ್ನು ಹೊರತಂದವರು ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಮನೆತನದ ಡಾ. ವಿವೇಕ್ ಮೂರ್ತಿ ಎಂಬುದು ಕನ್ನಡಿಗರಿಗೆ ನೆನಪಿರಬೇಕಾದ ಸಂಗತಿ. 2011ರಿಂದ 2015ರೊಳಗೆ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಇ-ಸಿಗರೇಟ್ ಬಳಕೆ ಶೇ 900ರಷ್ಟು ಏರಿದೆಯೆಂದು ಆ ವರದಿ ಎಚ್ಚರಿಸಿತು. ಏರಿಕೆ ಅಲ್ಲಿಗೆ ನಿಲ್ಲಲಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪ್ರೌಢಶಾಲೆಯ ಶೇ 27.5ರಷ್ಟು ಮಕ್ಕಳು ಕಳೆದ ಮೂವತ್ತು ದಿನಗಳಲ್ಲಿ ವೇಪ್ ಮಾಡಿದ್ದಾಗಿ ಹೇಳಿದರು. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದರ ಮುಂದೆ ನ್ಯೂಯಾರ್ಕಿನ ಹದಿಹರೆಯದ ಹುಡುಗರಿಬ್ಬರು ಸಾಕ್ಷ್ಯ ನುಡಿದರು. ಕಂಪನಿಯ ಪ್ರತಿನಿಧಿಯೊಬ್ಬರು ತಮ್ಮ ತರಗತಿಗೇ ಬಂದು ಮಾತನಾಡಿದ್ದನ್ನು ಸಂಸದರಿಗೆ ತಿಳಿಸಿದರು. ದೊಡ್ಡವರು ಹತ್ತು ವರದಿಗಳಲ್ಲಿ ಹೇಳಲಾಗದ ಮಾತನ್ನು ಒಬ್ಬ ಬಾಲಕ ಒಂದು ಮೇಜಿನ ಮುಂದೆ ಕುಳಿತು ಹೇಳಬಲ್ಲ.

ಈ ನಡುವೆ ಸ್ಯಾನ್ ಫ್ರಾನ್ಸಿಸ್ಕೋ 2017ರಲ್ಲಿ ಸ್ವಾದಭರಿತ ತಂಬಾಕು ಉತ್ಪನ್ನಗಳ ಮಾರಾಟವನ್ನು ನಿಷೇಧಿಸಿತು. ತಂಬಾಕು ಕಂಪನಿ ಒಂದು ಕೋಟಿ ಡಾಲರಿಗೂ ಹೆಚ್ಚು ಸುರಿದು ಪ್ರಶ್ನೆಯನ್ನು ಜನಮತಕ್ಕೆ ಒಯ್ದಿತು. 2018ರ ಜೂನ್‌ನಲ್ಲಿ ಶೇ 68ರಷ್ಟು ಮತದಾರರು ನಿಷೇಧವನ್ನು ಎತ್ತಿಹಿಡಿದರು. 2019ರಲ್ಲಿ ನಗರವು ಕೇಂದ್ರದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ಪಡೆಯದ ಎಲ್ಲ ಇ-ಸಿಗರೇಟುಗಳ ಮಾರಾಟವನ್ನೂ ನಿಲ್ಲಿಸಿತು. ಅದನ್ನು ಬದಲಿಸಲು ಜೂಲ್ ಬೆಂಬಲದಿಂದ ಮತಕ್ಕೆ ಬಂದ ಪ್ರಸ್ತಾವವನ್ನು ಶೇ 80ಕ್ಕೂ ಹೆಚ್ಚು ಜನ ತಿರಸ್ಕರಿಸಿದರು. ಮುಂದೆ ಇಡೀ ರಾಜ್ಯಕ್ಕೆ ಅನ್ವಯಿಸುವ ಸ್ವಾದ ನಿಷೇಧದ ಕಾನೂನು 2020ರಲ್ಲಿ ಬಂದು, ಅದೂ ಜನಮತಕ್ಕೆ ಹೋಗಿ, 2022ರ ಡಿಸೆಂಬರ್‌ನಲ್ಲಿ ಜಾರಿಯಾಯಿತು. 2024ರ ರಾಷ್ಟ್ರೀಯ ಸಮೀಕ್ಷೆಯ ವೇಳೆಗೆ ಪ್ರೌಢಶಾಲೆಗಳಲ್ಲಿ ವೇಪ್ ಬಳಕೆ ಶೇ 7.8ಕ್ಕೆ ಇಳಿದಿತ್ತು. ಈ ಇಳಿಕೆಗೆ ಖರೀದಿಯ ವಯಸ್ಸನ್ನು 21ಕ್ಕೆ ಏರಿಸಿದ ಕಾನೂನು, ಕೋವಿಡ್ ಕಾಲದಲ್ಲಿ ಮುಚ್ಚಿದ ಶಾಲೆಗಳು, ಮೊಕದ್ದಮೆಗಳು ಎಲ್ಲವೂ ಕಾರಣ. ಒಂದಕ್ಕೇ ಶ್ರೇಯ ಕೊಡುವುದು ವಿಜ್ಞಾನಕ್ಕೆ ಒಪ್ಪದ ಮಾತು. ಇತ್ತ ತುಟಿಯೊಳಗೆ ಇಟ್ಟುಕೊಳ್ಳುವ ನಿಕೋಟಿನ್ ಚೀಲಗಳು ಬಂದಿವೆ. ಹೊಗೆಯಿಲ್ಲ, ಆವಿಯಿಲ್ಲ, ಉಗುಳುವ ಪ್ರಮೇಯವೂ ಇಲ್ಲ. ಕೈನಿ, ಕಡ್ಡಿಪುಡಿ ಕಂಡು ಬೆಳೆದ ನಮಗೆ ಇದರ ವೇಷ ಗುರುತಿಸುವುದು ಕಷ್ಟವಾಗಬಾರದು.

ಉಪದೇಶ ಸೋತಲ್ಲಿ

‘ಮಕ್ಕಳಿಗೆ ಬುದ್ಧಿ ಹೇಳಿದರೆ ಸಾಲದೆ?’ ಎಂದು ಕೇಳುವವರಿದ್ದಾರೆ. ಇದಕ್ಕೂ ಪ್ರಯೋಗದ ಉತ್ತರವಿದೆ. 1998ರಲ್ಲಿ ಸಿಗರೇಟ್ ಕಂಪನಿಯಾದ ಫಿಲಿಪ್ ಮಾರಿಸ್, ಯೋಚಿಸಿ, ಸೇದಬೇಡಿ ಎಂಬರ್ಥದ ಜಾಹೀರಾತುಗಳನ್ನು ಎಳೆಯರಿಗಾಗಿ ಪ್ರಸಾರ ಮಾಡಿತು. ಅದೇ ವರ್ಷ ಫ್ಲಾರಿಡಾ ರಾಜ್ಯವು ತಂಬಾಕು ಕಂಪನಿಗಳಿಂದ ಪಡೆದ ಪರಿಹಾರದ ಹಣದಲ್ಲಿ ‘ಟ್ರುತ್’ ಎಂಬ ಪ್ರಚಾರವನ್ನು ಆರಂಭಿಸಿತು. ಅದರ ರೂಪುರೇಷೆಯಲ್ಲಿ ವಿದ್ಯಾರ್ಥಿಗಳೇ ಪಾಲ್ಗೊಂಡಿದ್ದರು. ಆರೋಗ್ಯದ ಪಾಠಕ್ಕಿಂತ ಹೆಚ್ಚಾಗಿ, ಕಂಪನಿಗಳು ನಮ್ಮನ್ನು ಹೇಗೆ ಬಲೆಗೆ ಬೀಳಿಸುತ್ತಿವೆ ಎಂಬುದನ್ನು ಅವರು ಬಯಲು ಮಾಡಿದರು. ಎರಡೇ ವರ್ಷಗಳಲ್ಲಿ ಫ್ಲಾರಿಡಾದ ಮಾಧ್ಯಮಿಕ ಶಾಲೆಗಳಲ್ಲಿ ಸಿಗರೇಟ್ ಸೇದುವವರ ಪ್ರಮಾಣ ಶೇ 18.5ರಿಂದ 11.1ಕ್ಕೆ ಇಳಿಯಿತು. ಮುಂದೆ ‘ಟ್ರುತ್’ ರಾಷ್ಟ್ರಮಟ್ಟಕ್ಕೆ ಬಂದಾಗ ಸಂಶೋಧಕರು ಎರಡೂ ಬಗೆಯ ಪ್ರಚಾರಗಳನ್ನು ಹೋಲಿಸಿ, ಕಂಪನಿಯ ಉಪದೇಶ ಎಳೆಯರ ಮನೋಭಾವವನ್ನು ಬದಲಿಸಲಿಲ್ಲವೆಂದು ಕಂಡುಕೊಂಡರು.

ಇದು ಅಮೆರಿಕಕ್ಕಷ್ಟೇ ಸಲ್ಲುವ ಮಾತೆಂದು ತಿಳಿಯಬೇಡಿ. 2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ‘ಮೈತ್ರಿ’ ಎಂಬ ಪ್ರಯೋಗ ನಡೆಯಿತು. ಹೃದ್ರೋಗ ತಜ್ಞ ಡಾ. ಕೆ. ಶ್ರೀನಾಥ ರೆಡ್ಡಿ, ಡಾ. ಮೋನಿಕಾ ಅರೋರಾ ಮತ್ತು ಅಮೆರಿಕದ ಪ್ರಾಧ್ಯಾಪಕಿ ಶೆರಿಲ್ ಪೆರಿ ಮುಂತಾದವರು ಇದರ ಹಿಂದಿದ್ದರು. ಅರ್ಧದಷ್ಟು ಶಾಲೆಗಳಲ್ಲಿ ಆರನೆಯ ಮತ್ತು ಎಂಟನೆಯ ತರಗತಿಯವರಿಗೆ ಎರಡು ವರ್ಷ ತಂಬಾಕಿನ ಕುರಿತ ಚಟುವಟಿಕೆಗಳಿದ್ದವು. ಅವುಗಳನ್ನು ನಡೆಸುವಲ್ಲಿ ಸಹಪಾಠಿಗಳಿಂದಲೇ ಆಯ್ಕೆಯಾದ ಮುಂದಾಳುಗಳ ಪಾತ್ರ ದೊಡ್ಡದಿತ್ತು. ಕಾರ್ಯಕ್ರಮವಿಲ್ಲದ ಶಾಲೆಗಳಲ್ಲಿ ಈ ಅವಧಿಯಲ್ಲಿ ತಂಬಾಕು ಬಳಕೆ ಶೇ 68ರಷ್ಟು ಏರಿತು. ಕಾರ್ಯಕ್ರಮವಿದ್ದಲ್ಲಿ ಶೇ 17ರಷ್ಟು ಇಳಿಯಿತು. ಔಷಧವೊಂದು ಇಂಥ ಫಲ ಕೊಟ್ಟಿದ್ದರೆ ನಾವು ವೈದ್ಯರು ಅದನ್ನು ಎಲ್ಲ ಚೀಟಿಗಳಲ್ಲೂ ಬರೆಯುತ್ತಿದ್ದೆವು.

ನಮ್ಮ ಮನೆಗಳ ಮೌನ

ಬೇ ಏರಿಯಾದ ಕನ್ನಡ ಕುಟುಂಬಗಳಲ್ಲಿ ನಾನು ಕಾಣುವ ದೊಡ್ಡ ತೊಡಕು ‘ನಮ್ಮ ಮಕ್ಕಳು ಅಂಥವರಲ್ಲ’ ಎಂಬ ಭರವಸೆ. ಭಾನುವಾರದ ಕನ್ನಡ ತರಗತಿ, ಭರತನಾಟ್ಯ, ಗಣಿತದ ಟ್ಯೂಷನ್, ಇವುಗಳ ನಡುವೆ ಚಟಕ್ಕೆ ಸಮಯವೆಲ್ಲಿ ಎಂಬ ತರ್ಕ. ವೇಪ್‌ಗೆ ಸಮಯ ಬೇಕಿಲ್ಲ. ಶಾಲೆಯ ಶೌಚಾಲಯದಲ್ಲಿ ಎರಡು ನಿಮಿಷ ಸಾಕು. ಅಂಕಗಳ ಒತ್ತಡವೇ ಕೆಲವರಿಗೆ ಅದರ ಬಾಗಿಲು. ಹೊಸದಾಗಿ ಎಂ.ಎಸ್. ಓದಲು ಬಂದ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗರೂ ನನ್ನಲ್ಲಿಗೆ ಎದೆ ಬಡಿತ, ನಿದ್ರಾಹೀನತೆ ಎಂದು ಬರುತ್ತಾರೆ. ‘ಸಿಗರೇಟ್ ಸೇದುತ್ತೀರಾ?’ ಎಂದರೆ ‘ಛೇ, ಇಲ್ಲ ಡಾಕ್ಟ್ರೇ’ ಎನ್ನುತ್ತಾರೆ. ‘ವೇಪ್?’ ಎಂದು ಬಿಡಿಸಿ ಕೇಳಿದಾಗ ತಲೆ ತಗ್ಗುತ್ತದೆ. ಅವರ ಲೆಕ್ಕದಲ್ಲಿ ಅದು ಸೇದುವುದಲ್ಲ. ಹೊರಡುವ ಮುನ್ನ ಮಗನಿಗೆ ಬ್ಯಾಂಕ್ ಖಾತೆ, ವಿಮೆಗಳ ಬಗ್ಗೆ ಹೇಳುವ ತಂದೆತಾಯಂದಿರು ಈ ಒಂದು ಪದವನ್ನೂ ಸೇರಿಸಿಕೊಳ್ಳಲಿ.

ಇನ್ನೊಂದು ಮುಖವನ್ನೂ ಹೇಳಬೇಕು. ಫ್ರೀಮಾಂಟಿನ ಪರಿಚಿತ ಕುಟುಂಬವೊಂದರ ಹದಿನಾರರ ಹುಡುಗಿ ಶಾಲೆಯ ತಂಬಾಕು ವಿರೋಧಿ ಗುಂಪಿಗೆ ಸೇರಿದಳು. ಶನಿವಾರಗಳಂದು ಗೆಳತಿಯರೊಂದಿಗೆ ಅಂಗಡಿ ಅಂಗಡಿಗೆ ಹೋಗಿ ಯಾವ ಜಾಹೀರಾತು ಎಷ್ಟು ಎತ್ತರದಲ್ಲಿದೆ, ಮಿಠಾಯಿಯ ಪಕ್ಕ ಏನಿಟ್ಟಿದ್ದಾರೆ ಎಂದು ಬರೆದುಕೊಂಡು ಬರುತ್ತಿದ್ದಳು. ಅವಳ ತಾಯಿ ನನ್ನೆದುರು ಬೇಸರ ತೋಡಿಕೊಂಡರು: ‘ನೀವಾದರೂ ಹೇಳಿ ಡಾಕ್ಟ್ರೇ. ಪರೀಕ್ಷೆಗೆ ಓದಿಕೋ ಅಂದರೆ ಸಿಗರೇಟ್ ಅಂಗಡಿ ಸುತ್ತುತ್ತಾಳೆ. ಊರಲ್ಲಿ ನಮ್ಮತ್ತೆಗೆ ಗೊತ್ತಾದರೆ ಏನಂದುಕೊಂಡಾರು?’ ಹುಡುಗಿ ಅಲ್ಲೇ ಇದ್ದಳು. ‘ಅಂಕಲ್, ತಾತ ಬೀಡಿ ಸೇದುತ್ತಿದ್ದರು ಅಂತ ಅಮ್ಮ ಯಾವತ್ತೂ ನನಗೆ ಹೇಳಿಯೇ ಇರಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಅಪ್ಪ ಹೇಳಿದರು, ತಾತ ಹೋದದ್ದು ಶ್ವಾಸಕೋಶದ ಕ್ಯಾನ್ಸರಿನಿಂದ ಅಂತ’ ಎಂದಳು. ತಾಯಿ ಏನೂ ಹೇಳಲಿಲ್ಲ. ಎಷ್ಟೋ ಮನೆಗಳಲ್ಲಿ ತಲೆಮಾರುಗಳ ನಡುವೆ ಮುಚ್ಚಿಟ್ಟ ಇಂಥ ಮಾತುಗಳನ್ನು ಮಕ್ಕಳ ಈ ‘ವ್ಯರ್ಥ’ ಓಡಾಟ ಹೊರತೆಗೆಯುತ್ತದೆ.

ಇಂಥ ಗುಂಪುಗಳಿಗೆ ಹಣ ಬರುವ ಒಂದು ದಾರಿಯೂ ಅರ್ಥಪೂರ್ಣವಾದುದು. 1988ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಸಿಗರೇಟ್ ಪ್ಯಾಕಿನ ಮೇಲೆ 25 ಸೆಂಟ್ ಹೆಚ್ಚುವರಿ ತೆರಿಗೆಗೆ ಒಪ್ಪಿ, ಅದರ ಒಂದು ಪಾಲನ್ನು ಶಾಲೆಗಳಲ್ಲಿ ತಂಬಾಕು ತಡೆ ಶಿಕ್ಷಣಕ್ಕೆ ಮೀಸಲಿಟ್ಟರು. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕಿ ಬಾನಿ ಹಾಲ್ಪರ್ನ್ ಫೆಲ್ಶರ್ ಅವರ ತಂಡ ರೂಪಿಸಿದ ಪಾಠಗಳನ್ನು ಯಾವ ಶಾಲೆಯಾದರೂ ಉಚಿತವಾಗಿ ಬಳಸಬಹುದು. ಅವರ ಪ್ರಯೋಗಾಲಯಕ್ಕೆ ಸಲಹೆ ಕೊಡಲು ಎಳೆಯರದೇ ಒಂದು ಮಂಡಳಿಯೂ ಇದೆ.

ಮಗುವಿನ ಚೀಲದಲ್ಲಿ ಅಂಥ ವಸ್ತು ಸಿಕ್ಕಿದರೆ ಏನು ಮಾಡಬೇಕು? ಮೊದಲು ಕೂಗಾಡಬೇಡಿ, ಊರಿಗೆ ಕಳುಹಿಸಿಬಿಡುತ್ತೇನೆಂಬ ಬೆದರಿಕೆ ಬೇಡ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದ ಕೂಡಲೇ ಹಪಹಪಿ ಆಗುತ್ತದೆಯೇ ಎಂದು ಶಾಂತವಾಗಿ ಕೇಳಿ. ಎದ್ದೊಡನೆ ಬೇಕೆನಿಸಿದರೆ ಅದು ವ್ಯಸನ. ಹಟವೆಂದೋ ದುರ್ನಡತೆಯೆಂದೋ ಬೈದರೆ ವಾಸಿಯಾಗುವುದಿಲ್ಲ, ಅದಕ್ಕೆ ಚಿಕಿತ್ಸೆಯಿದೆ. ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ಒಂದಷ್ಟು ಹೊತ್ತು ಮಗು ಒಬ್ಬಂಟಿಯಾಗಿ ವೈದ್ಯರೊಡನೆ ಮಾತನಾಡಲು ಬಿಡಿ. ಕ್ಯಾಲಿಫೋರ್ನಿಯಾದಲ್ಲಿ ‘ಕಿಕ್ ಇಟ್ ಕ್ಯಾಲಿಫೋರ್ನಿಯಾ’ ಎಂಬ ಉಚಿತ ನೆರವಿನ ದೂರವಾಣಿ ಸೇವೆ ಇದೆ. ಭಾರತದಲ್ಲಿ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಕೇಂದ್ರವಿದೆ.

ಹಳದಿ ಗೆರೆಯ ಆಚೆ ಈಚೆ

ನಾನು ಎಂಬಿಬಿಎಸ್ ಓದುತ್ತಿದ್ದ ಕಾಲದಲ್ಲಿ ಗುಟ್ಕಾ ಜಗಿದು ಜಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದ ಇಪ್ಪತ್ತರ ತರುಣರನ್ನು ಹೊರರೋಗಿ ವಿಭಾಗದಲ್ಲಿ ಕಾಣುತ್ತಿದ್ದೆವು. ಅನಂತರ ಕರ್ನಾಟಕ ಸುಮ್ಮನೆ ಕುಳಿತಿಲ್ಲ. 2013ರಲ್ಲಿ ಗುಟ್ಕಾ ನಿಷೇಧವಾಯಿತು. 2016ರಲ್ಲಿ, ದೇಶದ ಕಾನೂನು ಬರುವುದಕ್ಕೆ ಮೂರು ವರ್ಷ ಮೊದಲೇ, ಇ-ಸಿಗರೇಟನ್ನು ರಾಜ್ಯ ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ತಂಬಾಕು ಖರೀದಿಯ ವಯಸ್ಸು 21ಕ್ಕೇರಿತು, ಹುಕ್ಕಾ ಬಾರ್‌ಗಳು ನಿಷಿದ್ಧವಾದವು. ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ 2009-10ರಲ್ಲಿ ಶೇ 28.2 ಇದ್ದದ್ದು 2016-17ರ ಸಮೀಕ್ಷೆಯಲ್ಲಿ ಶೇ 22.8ಕ್ಕೆ ಇಳಿದಿತ್ತು. ಆದರೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು.

ಕಾನೂನು ಪುಸ್ತಕದಲ್ಲಿದೆ, ಗೂಡಂಗಡಿ ಶಾಲೆಯ ಗೇಟಿನೆದುರು ಇದೆ. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದೆಂಬುದು 2003ರಿಂದ ಇರುವ ನಿಯಮ. ಆ ಗಡಿಯನ್ನು ರಸ್ತೆಯ ಮೇಲೆ ಹಳದಿ ಗೆರೆ ಎಳೆದು ಗುರುತಿಸಬೇಕೆಂದೂ, ಪ್ರತಿ ಶಾಲೆಯಲ್ಲೂ ತಂಬಾಕು ಉಸ್ತುವಾರಿಗಳಿರಬೇಕೆಂದೂ, ವಿದ್ಯಾರ್ಥಿಗಳೂ ಆ ಹೊಣೆ ಹೊರಬಹುದೆಂದೂ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಅಂದರೆ ಟೆಂಡರ್‌ಲಾಯ್ನ್‌ನ ಮಕ್ಕಳು ಹೋರಾಡಿ ಪಡೆದ ಅವಕಾಶ ಹುಣಸೂರಿನ, ನಿಪ್ಪಾಣಿಯ, ನಿಮ್ಮೂರಿನ ಮಕ್ಕಳಿಗೆ ಕಾಗದದ ಮೇಲೆ ಆಗಲೇ ದೊರೆತಿದೆ. ಅಲ್ಲಿನ ಹೊಲಗಳಲ್ಲಿ ತಂಬಾಕು ಬೆಳೆಯುವ ರೈತರ ಬದುಕಿನ ಪ್ರಶ್ನೆ ಬೇರೆಯದು, ಅದಕ್ಕೆ ಬೇರೆಯದೇ ಉತ್ತರ ಬೇಕು. ಇಲ್ಲಿ ಕಿರಾಣಿ ವ್ಯಾಪಾರಿಗಳೊಡನೆ ಕುಳಿತು ಮಾತನಾಡಿದಂತೆ ಅಲ್ಲಿಯೂ ಮಾತನಾಡಬೇಕಾದೀತು. ಆದರೆ ಶಾಲೆಯ ಎದುರಿನ ಅಂಗಡಿಯನ್ನು ಎಣಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಆದ್ದರಿಂದ ಊರಿನಿಂದ ಕರೆ ಮಾಡುವ ಹಿರಿಯರಿಗೆ ನನ್ನ ಉತ್ತರ ಇಷ್ಟು. ಇಲ್ಲಿ ಮಕ್ಕಳು ಚಟಕ್ಕೆ ಬೀಳುವುದುಂಟು. ಚಟವನ್ನು ಮಾರುವವರನ್ನು ಎದುರಿಸಿ ನಿಲ್ಲುವುದೂ ಉಂಟು. ನಿಮ್ಮ ಮೊಮ್ಮಗಳು ಶನಿವಾರ ಅಂಗಡಿ ಎಣಿಸಲು ಹೋದಳೆಂದು ಕೇಳಿದರೆ ಅವಳನ್ನು ಗದರಬೇಡಿ. ‘ಎಷ್ಟಿದ್ದವು?’ ಎಂದು ಕೇಳಿ. ನಿಮ್ಮ ಬೀದಿಯಲ್ಲಿ ಎಷ್ಟಿವೆ ಎಂದು ನೀವೂ ಎಣಿಸಿ ಅವಳಿಗೆ ತಿಳಿಸಿ.